ಎರಡು ವೈರ್, ಒಂದು ಸ್ಟೋರೇಜ್: ನನ್ನ ಮಲ್ಟಿಪಾತ್ ಪಾಡು

ಮಂಗಳೂರಿನ ಒಂದು ವಿಡಿಯೋ ಸ್ಟುಡಿಯೋದ ಸ್ಟೋರೇಜ್ ನೋಡಿಕೊಳ್ಳುವುದು ನನ್ನ ಕೆಲಸ. ಯಕ್ಷಗಾನದ ರೆಕಾರ್ಡಿಂಗ್ ಅಂದ್ರೆ ಇಡೀ ರಾತ್ರಿಯದ್ದು, ಮೂರು ಕ್ಯಾಮೆರಾ. ಎಡಿಟಿಂಗ್ ಸರ್ವರ್‌ಗೆ ಐಸ್ಕಸಿ (iSCSI), ಅಂದ್ರೆ ನೆಟ್‌ವರ್ಕ್ ವೈರ್ ಮೂಲಕವೇ ಸ್ಟೋರೇಜ್‌ನ ಡಿಸ್ಕ್ ಬಳಸುವ ವಿಧಾನ; ಗಿಗಾಬಿಟ್ ಪೋರ್ಟ್ ಎರಡು. ಟೈಮ್‌ಲೈನ್ ಎಳೆದರೆ ಚೆಂಡೆ ಒಂದು ಕಡೆ, ಕುಣಿತ ಇನ್ನೊಂದು ಕಡೆ. ಸಪ್ಲೈಯರ್ ಹತ್ತು ಗಿಗಾಬಿಟ್‌ಗೆ ಹೋಗಿ ಅಂತ ಸುಮಾರು 1.8 ಲಕ್ಷದ ಕೊಟೇಶನ್ ಕೊಟ್ಟರು. ಧನಿಗಳು ನನ್ನ ಮುಖ ನೋಡಿದರು. ಇದ್ದದ್ದರಲ್ಲೇ ಮಾಡ್ತೇನೆ ಅಂದೆ. ಯಾರೂ ನಂಬಲಿಲ್ಲ.

ಮೊದಲು ಮಾಡಿದ್ದು ದಡ್ಡತನ. ಬಾಂಡಿಂಗ್ ಮಾಡಲು, ಅಂದ್ರೆ ಎರಡು ವೈರ್ ಸೇರಿಸಿ ಒಂದೇ ಲಿಂಕ್ ಮಾಡಲು, 11 ಸಾವಿರ ಕೊಟ್ಟು ಎಲ್‌ಎಸಿಪಿ (ಹಾಗೆ ಸೇರಿಸುವ ಪ್ರೋಟೊಕಾಲ್) ಇರುವ ಸ್ವಿಚ್ ತಂದೆ. ಸರ್ವರ್ ಮತ್ತು ಸ್ಟೋರೇಜ್ ನಡುವಿನ ಒಂದು ಸೆಷನ್ (ಸಂಪರ್ಕ) ಒಂದೇ ವೈರ್ ಹಿಡಿದು ಕೂತಿತು, ಸೆಕೆಂಡಿಗೆ 110 ಎಂಬಿ ದಾಟಲೇ ಇಲ್ಲ. ಆ ಸ್ವಿಚ್ ಈಗಲೂ ಕಪಾಟಿನಲ್ಲಿ ಉಂಟು, ಬೇಕಾದವರು ಕೇಳಿ.

ಆಮೇಲೆ ಬಾಂಡ್ ಬಿಚ್ಚಿ, ಎರಡು ಸಬ್‌ನೆಟ್ (ಪ್ರತಿ ವೈರ್‌ಗೂ ಬೇರೆ ನೆಟ್‌ವರ್ಕ್), ಎರಡು ಸೆಷನ್, ಅವೆರಡನ್ನೂ ಒಂದೇ ಡಿಸ್ಕಿಗೆ ಹೋಗುವ ದಾರಿಗಳಾಗಿ ಬಳಸುವ ಮಲ್ಟಿಪಾತ್. ಒಂದು ಪಾತ್ ಆಕ್ಟಿವ್, ಇನ್ನೊಂದು ಸುಮ್ನೆ ಎನೇಬಲ್ಡ್ ಅಂತ ನಿಂತಿತ್ತು. ಗ್ರೂಪಿಂಗ್ ಪಾಲಿಸಿ ಮಲ್ಟಿಬಸ್ (ಎಲ್ಲ ಪಾತ್‌ಗಳೂ ಒಂದೇ ಗುಂಪಿನಲ್ಲಿ) ಮಾಡಿದ ಮೇಲೆ ಎರಡೂ ದುಡಿಯಲು ಶುರು ಮಾಡಿದವು, 200 ಎಂಬಿ ಹತ್ತಿರ ಬಂತು. ಧನಿಗಳು ಬನ್ಸ್ ತರಿಸಿದರು.

ಸಂಜೆ ಏಳಕ್ಕೆ ಮತ್ತೆ ಫೋನ್. 80 ಎಂಬಿ! ಒಂದೇ ವೈರ್ ಇದ್ದಾಗಿನದಕ್ಕಿಂತ ಕಡಿಮೆ, ಮಾರಾಯ್ರೆ. ಎರಡು ರಾತ್ರಿ ಕೇಬಲ್ ಬದಲಿಸಿದೆ, ಸಿಡಿಲಿಗೆ ಪೋರ್ಟ್ ಹೋಗಿರಬಹುದು ಅಂತ ಸ್ವಿಚ್‌ನ ಮೇಲೂ ಸಂಶಯ ಪಟ್ಟೆ. ವಿಷಯ ಬೇರೆಯೇ ಇತ್ತು. ಏಳಕ್ಕೆ ಬ್ಯಾಕಪ್ ಶುರುವಾಗುತ್ತದೆ, ಅದೂ ಎರಡನೇ ಪೋರ್ಟ್‌ನಲ್ಲೇ. ಆ ಪಾತ್‌ನಲ್ಲಿ ನಮಗೆ ಉಳಿಯುವುದು 40. ನಾನು ಹಾಕಿದ್ದು ಸರದಿ ಪ್ರಕಾರ ಪಾತ್ ಆರಿಸುವ ರೌಂಡ್ ರಾಬಿನ್; ಅದಕ್ಕೆ ಅದೆಲ್ಲ ಗೊತ್ತಿಲ್ಲ, ಎರಡಕ್ಕೂ ಸಮ ಸಮ ಹಂಚುತ್ತದೆ. ಚುರುಕಾದದ್ದು ನಿಧಾನದ್ದಕ್ಕೆ ಕಾಯಬೇಕು. 40 ಮತ್ತು 40, ಲೆಕ್ಕ ಸರಿಯಾಯ್ತಲ್ಲ.

ನಾಚಿಕೆಯ ವಿಷಯ ಅಂದ್ರೆ, ಮಲ್ಟಿಪಾತ್‌ನ ಹೊಸ ವರ್ಷನ್‌ನಲ್ಲಿ ಡೀಫಾಲ್ಟ್ ಇದ್ದದ್ದೇ ಸರ್ವಿಸ್ ಟೈಮ್, ಅಂದ್ರೆ ಬಾಕಿ ಇರುವ ಡೇಟಾದ ಗಾತ್ರ ನೋಡಿ ಬೇಗ ಮುಗಿಸುವ ಪಾತ್‌ಗೆ ಕೊಡುವುದು. ಹಳೆ ಸರ್ವರ್‌ನ ಕಾನ್ಫಿಗ್ ಕಾಪಿ ಮಾಡಿ ರೌಂಡ್ ರಾಬಿನ್ ತುರುಕಿದವನು ನಾನೇ. ಆ ಸಾಲು ತೆಗೆದೆ. ಬ್ಯಾಕಪ್ ನಡೆಯುವಾಗಲೂ 145 ಬಂತು. ಕ್ಯೂ ಲೆಂತ್ ಕೂಡ ಹಾಕಿ ನೋಡಿದೆ, ಕೆಟ್ಟದ್ದಲ್ಲ. ಆದ್ರೆ ಅದು ಎಷ್ಟು ರಿಕ್ವೆಸ್ಟ್ ಅಂತ ಮಾತ್ರ ಎಣಿಸುತ್ತದೆ, ಎಷ್ಟು ದೊಡ್ಡದು ಅಂತ ನೋಡುವುದಿಲ್ಲ. ನಮ್ಮಲ್ಲಿ ಥಂಬ್‌ನೇಲ್‌ನ ಚಿಲ್ಲರೆ, ವಿಡಿಯೋದ ಗಟ್ಟಿ ತುಂಡು ಎರಡೂ ಒಟ್ಟಿಗೆ ಓಡುತ್ತವೆ. 

ನಡುವೆ ಜಂಬೋ ಫ್ರೇಮ್, ಅಂದ್ರೆ ಮಾಮೂಲಿಗಿಂತ ದೊಡ್ಡ ನೆಟ್‌ವರ್ಕ್ ಪ್ಯಾಕೆಟ್‌ನ ಆಸೆ ಹುಟ್ಟಿತು. ಒಂದು ಸ್ವಿಚ್‌ನಲ್ಲಿ ಆ ಗಾತ್ರ 9000 ಬೈಟ್ ಅಂತ ಕೊಡಲು ಮರೆತೆ. ಲಾಗಿನ್ ಆಗುತ್ತದೆ, ಫೈಲ್ ತೆರೆದರೆ ನೇತಾಡುತ್ತದೆ. 8972 ಬೈಟ್‌ನ (ಹೆಡರ್ ಸೇರಿದರೆ 9000) ಪಿಂಗ್ ಅನ್ನು ತುಂಡಾಗದ ಹಾಗೆ ಮೊದಲೇ ಹೊಡೆದಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು. ಸರಿ ಮಾಡಿದ ಮೇಲೆ ಸಿಕ್ಕಿದ್ದೂ ಅಷ್ಟಕ್ಕಷ್ಟೇ.

ಕೊನೆಗೆ ಕೇಬಲ್ ಎಳೆಯುವ ಪರೀಕ್ಷೆ. ಎಳೆದೆ. ವೇಷಧಾರಿ ಒಂದು ಕಾಲು ಎತ್ತಿದವನು ಎರಡು ನಿಮಿಷ ಹಾಗೇ ನಿಂತ. ಸಂಪರ್ಕ ತಪ್ಪಿದ ಪಾತ್‌ಗೆ ಎಷ್ಟು ಹೊತ್ತು ಕಾಯಬೇಕು ಅನ್ನುವ ರಿಪ್ಲೇಸ್‌ಮೆಂಟ್ ಟೈಮ್‌ಔಟ್ 120 ಸೆಕೆಂಡ್ ಇತ್ತು. ಕಾನ್ಫಿಗ್ ಫೈಲಿನಲ್ಲಿ 5 ಮಾಡಿದೆ, ಪುನಃ ಅದೇ ಕಥೆ. ಸ್ಟೋರೇಜ್ ಮೊದಲು ಸೇರಿಸಿದಾಗ ಸರ್ವರ್ ಉಳಿಸಿಟ್ಟ ಸೆಟ್ಟಿಂಗ್, ಅಂದ್ರೆ ಹಳೆ ನೋಡ್ ರೆಕಾರ್ಡ್, ಹಳೆ ಸಂಖ್ಯೆಯನ್ನೇ ಹಿಡಿದುಕೊಂಡಿತ್ತು. ಅದನ್ನೂ ಅಪ್‌ಡೇಟ್ ಮಾಡಿ, ಲಾಗ್‌ಔಟ್ ಆಗಿ ಬಂದ ಮೇಲೆ ಸ್ವಲ್ಪ ತಡವರಿಸಿ ಮುಂದೆ ಓಡಿತು.

ಬಾಂಡಿಂಗ್‌ನ ದಂಡ ಬಿಟ್ಟರೆ ಖರ್ಚು 9 ಸಾವಿರದ ಒಳಗೆ. ಬೆಂಗಳೂರಿನ ಎಸ್‌ಪಿ ರೋಡ್‌ನ ಸೆಕೆಂಡ್ ಹ್ಯಾಂಡ್ ನೆಟ್‌ವರ್ಕ್ ಕಾರ್ಡ್, ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಬಂದದ್ದು. ಈಗ ಧನಿಗಳು 4ಕೆ ಕ್ಯಾಮೆರಾ ನೋಡುತ್ತಿದ್ದಾರೆ. ಆಗ ಈ ಎರಡು ವೈರ್ ಸಾಕಾಗುವುದಿಲ್ಲ ಅಂತ ಮೊದಲೇ ಹೇಳಿಟ್ಟಿದ್ದೇನೆ.