ದನ ಮಲಗುವ ಲೆಕ್ಕ: ಮಲೆನಾಡಿನ ಕೊಟ್ಟಿಗೆಯಲ್ಲಿ ನಾನು ಅಳೆಯುವ ರೀತಿ

ತೀರ್ಥಹಳ್ಳಿ, ಹೊಸನಗರದ ಕೊಟ್ಟಿಗೆಗಳಲ್ಲಿ ದನದ ಸೌಖ್ಯ ಅಳೆಯುವಾಗ ಕಟ್ಟಡ ನೋಡುವುದು ಕೊನೆಗೆ. ಸಿಮೆಂಟು ನೆಲ, ಶೀಟಿನ ಮಾಡು ಎಲ್ಲ ಚೆಂದವಿದ್ದೂ ದನ ಮಲಗದೆ ನಿಂತೇ ಇರಬಹುದು.

ಹಳೆಯ ಫೋನೊಂದನ್ನು ಜಂತೆಗೆ ಕಟ್ಟಿ 10 ನಿಮಿಷಕ್ಕೊಂದು ಫೋಟೊ ತೆಗೆಸುತ್ತೇನೆ. ದಿನಕ್ಕೆ 144 ಫೋಟೊ; ಅವುಗಳಲ್ಲಿ 60ರಲ್ಲಿ ದನ ಮಲಗಿದ್ದರೆ 10 ಗಂಟೆ. ಕಟ್ಟಿಯೇ ಸಾಕುವ ಜೆರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಗಳಿಗೆ ದಿನಕ್ಕೆ 10–12 ಗಂಟೆ ಮಲಗುವುದು ಬೇಕು. ಮಲೆನಾಡು ಗಿಡ್ಡ ತಳಿಯ ದನ ಹಗಲು ಬ್ಯಾಣದಲ್ಲೂ (ಹುಲ್ಲುಗಾವಲಿನಲ್ಲೂ) ಮಲಗುತ್ತದಲ್ಲ, ಅದಕ್ಕೆ ಈ ಅಂಕಿ ಹಚ್ಚಬೇಡಿ. ಅದರ ರಾತ್ರಿಯ ಲೆಕ್ಕವನ್ನು ಅದರದೇ ಹಿಂದಿನ ಲೆಕ್ಕಕ್ಕೆ ಹೋಲಿಸಿ. ರಾತ್ರಿಗೆ ಮಂದ ಕೆಂಪು ಬಲ್ಬು, ಜೊತೆಗೆ ಪವರ್ ಬ್ಯಾಂಕ್. ಮಳೆಗಾಲದ ಕರೆಂಟು ಗೊತ್ತೇ ಇದೆ. ಮೊದಲ ದಿನದ ಫೋಟೊ ಎಣಿಸುವುದಿಲ್ಲ, ದನ ಬಲ್ಬನ್ನೇ ನೋಡುತ್ತಾ ನಿಂತಿರುತ್ತದೆ.

ಎರಡನೆಯದು ಸ್ಟಾಪ್‌ವಾಚಿನ ಕೆಲಸ: ದನ ಮಲಗಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆಂದು ಅಳೆಯುವುದು. ಮುಂಗಾಲ ಮಂಡಿ ಬಗ್ಗಿದೊಡನೆ ಒತ್ತಿ. ಹಿಂಭಾಗ ನೆಲಕ್ಕೆ ಕೂತು, ಮೈಯಡಿ ಸಿಕ್ಕ ಮುಂಗಾಲನ್ನು ಎಳೆದುಕೊಂಡಾಗ ನಿಲ್ಲಿಸಿ. ದನದ ಸೌಖ್ಯ ಅಳೆಯುವ ಯುರೋಪಿನ ವೆಲ್‌ಫೇರ್ ಕ್ವಾಲಿಟಿ ಕ್ರಮದಲ್ಲಿ (2009) ಸರಾಸರಿ 5.2 ಸೆಕೆಂಡಿನೊಳಗಿದ್ದರೆ ಸರಿ, 6.3 ದಾಟಿದರೆ ಗಂಭೀರ. ಕಡಿಮೆಯೆಂದರೆ 6 ಸಲ ಅಳೆಯಬೇಕು. ಕೆಲವು ದನ ನೆಲ ಮೂಸಿ, ತಲೆ ಆಚೀಚೆ ಆಡಿಸಿ, ಒಂದು ಮಂಡಿ ಬಗ್ಗಿಸಿ ಮತ್ತೆ ನೆಟ್ಟಗಾಗುತ್ತವೆ. ಅದನ್ನೂ ಬರೆದುಕೊಳ್ಳಿ; ನನ್ನ ಮಟ್ಟಿಗೆ ಸೆಕೆಂಡಿನ ಅಂಕಿಗಿಂತ ಅದೇ ಹೆಚ್ಚು ಹೇಳುತ್ತದೆ.

ತಪ್ಪು ಇರುವುದು ಹೆಚ್ಚಾಗಿ ಎರಡು ಕಡೆ. ಒಂದು, ಕಣ್ಣಿ (ದನ ಕಟ್ಟುವ ಹಗ್ಗ) ಗಿಡ್ಡವಾಗಿರುವುದು. ದನ ಏಳುವಾಗ ತಲೆ ಮುಂದಕ್ಕೆ ಚಾಚಿ ಮೊದಲು ಹಿಂಗಾಲು ಎತ್ತುತ್ತದೆ. ಕಣ್ಣಿಯೋ ಎತ್ತರದ ಗೋದಲಿಯೋ ತಡೆದರೆ, ಏಳುವ ಕಷ್ಟಕ್ಕೆ ಹೆದರಿ ಮಲಗುವುದನ್ನೇ ಬಿಡುತ್ತದೆ. ಹಾಗೆಂದು ತೀರಾ ಉದ್ದ ಬಿಟ್ಟರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಇನ್ನೊಂದು, ಒದ್ದೆ ಹಾಸಿನ ಮೇಲೇ ಹೊಸ ಸೊಪ್ಪು ಹಾಕುವುದು. ಮೇಲೆ ಹಸಿರು, ಕೆಳಗೆ ಗಂಜಲ. ಪರೀಕ್ಷೆ ಸುಲಭ: ಹಾಸಿನ ಮೇಲೆ ಮಂಡಿಯೂರಿ 25 ಸೆಕೆಂಡು ಕೂತುಕೊಳ್ಳಿ. ಪ್ಯಾಂಟು ಒದ್ದೆಯಾದರೆ ಅಡಿಯ ಪದರವನ್ನೂ ಎಳೆದು ಗೊಬ್ಬರಗುಂಡಿಗೆ ಹಾಕಬೇಕು. ಮಂಡಿ ನೊಂದರೆ ಹಾಸು ತೆಳು, ಇಲ್ಲವೇ ಸೊಪ್ಪಿನಲ್ಲಿ ದಪ್ಪ ಕಡ್ಡಿ ಉಳಿದಿದೆ.

ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಮೊದಲು ಕಣ್ಣಿ, ವಾರ ಬಿಟ್ಟು ಲೆಕ್ಕ, ಆಮೇಲೆ ಹಾಸು. ಮಲಗುವ ಹೊತ್ತು ಕೆಲವೇ ದಿನಗಳಲ್ಲಿ ಬದಲಾಗುತ್ತದೆ, ದನದ ಮಂಡಿಯ ಮೇಲೆ ಉದುರಿದ ಕೂದಲು ಮತ್ತೆ ಬರುವುದು ಮಾತ್ರ ನಿಧಾನ. ಅದನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು.