ಗರ್ಭಕಂಠದ ಕ್ಯಾನ್ಸರ್ ಬೇಗ ಗೊತ್ತಾದರೆ ಚಿಕಿತ್ಸೆ ಆರಿಸುವುದು ಹೇಗೆ?

ಮುಧೋಳದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಚಿಗವ್ವನಿಗೆ ಮುಟ್ಟು ನಿಂತು ಮೂರು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿತು. "ಇನ್ನ ಗರ್ಭಚೀಲ ಇಟ್ಕೊಂಡ ಏನ್ ಮಾಡೂದೈತಿ, ತಗಸಿಬಿಡ್ರಿ" ಅಂದರು ಎಲ್ಲರೂ. ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು. ಒಂದು ತಪಾಸಣೆಯೂ ಆಗಿರಲಿಲ್ಲ! ಹಟ ಹಿಡಿದು ನಿಲ್ಲಿಸಿದೆ.

ಮೊದಲು ಬಯಾಪ್ಸಿ. ಗರ್ಭಕಂಠದಿಂದ, ಅಂದರೆ ಗರ್ಭಚೀಲದ ಬಾಯಿಯಿಂದ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದನ್ನು ಬಿಟ್ಟು ಸುಮ್ನೆ ಗರ್ಭಚೀಲ ತೆಗೆಸಿದರೆ, ಒಳಗಿದ್ದ ಕ್ಯಾನ್ಸರ್ ಆಮೇಲೆ ಗೊತ್ತಾಗಿ ಮತ್ತೆ ಆಪರೇಷನ್ನೋ ರೇಡಿಯೇಷನ್ನೋ ಬೇಕಾಗಬಹುದು.

ಆಮೇಲೆ ಹಂತ ತಿಳಿಯಬೇಕು. ಎಂಆರ್‌ಐ ಮಾಡಿಸಲು ಹೇಳಿದರೆ ತಪ್ಪಿಸಬೇಡಿ. ಇಲ್ಲಿ ಲೆಕ್ಕವೆಲ್ಲ ಮಿಲಿಮೀಟರಿನದು. ಕ್ಯಾನ್ಸರ್ ಇಳಿದ ಆಳ 3 ಮಿ.ಮೀ. ಒಳಗೆ, ಅಂದರೆ ಜೋಳದ ಕಾಳಿಗಿಂತಲೂ ಕಡಿಮೆ ಇದ್ದು, ರಕ್ತನಾಳಕ್ಕೆ ಹರಡದಿದ್ದರೆ, ಮಕ್ಕಳು ಬೇಕೆನ್ನುವವರಿಗೆ ಆ ಭಾಗವನ್ನು ಶಂಕುವಿನಾಕಾರದಲ್ಲಿ ಕತ್ತರಿಸಿ ತೆಗೆದರೆ ಸಾಕಾಗಬಹುದು. ಗಡ್ಡೆ 2 ಸೆಂ.ಮೀ. ಮೀರದಿದ್ದರೆ ಕಂಠವನ್ನಷ್ಟೇ ತೆಗೆದು ಗರ್ಭಕೋಶ ಉಳಿಸುವ ಆಪರೇಷನ್ನೂ ಇದೆ. ವಯಸ್ಸು ಚಿಕ್ಕದಿದ್ದರೆ ಇದನ್ನು ನೀವೇ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಎಷ್ಟೋ ಸಲ ಆ ಮಾತೇ ಬರುವುದಿಲ್ಲ.

4 ಸೆಂ.ಮೀ. ತನಕ ಸಾಮಾನ್ಯವಾಗಿ ಗರ್ಭಕೋಶ, ಸುತ್ತಲಿನ ಅಂಗಾಂಶ, ಹತ್ತಿರದ ದುಗ್ಧಗ್ರಂಥಿ (ಲಿಂಫ್ ಗಂಟು) ಎಲ್ಲ ತೆಗೆಯುವ ದೊಡ್ಡ ಆಪರೇಷನ್. ಇದಕ್ಕೆ ಹೊಟ್ಟೆ ತೆರೆದು ಮಾಡುವ ಪದ್ಧತಿಯೇ ಒಳ್ಳೆಯದು. ದುರ್ಬೀನಿನ ಆಪರೇಷನ್ನಿನಲ್ಲಿ ಕ್ಯಾನ್ಸರ್ ಮರುಕಳಿಸುವುದು ಜಾಸ್ತಿ ಎಂದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಚಿಕ್ಕ ಗಾಯವೇ ಚಲೋ ಅನ್ನಿಸುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ.

ಗಡ್ಡೆ ಅದಕ್ಕಿಂತ ದೊಡ್ಡದಿದ್ದರೆ, ಇಲ್ಲವೇ ಆಪರೇಷನ್ ತಾಳುವ ಶಕ್ತಿ ಇಲ್ಲದಿದ್ದರೆ ರೇಡಿಯೇಷನ್. ಸುಮಾರು ಐದು ವಾರ, ಜೊತೆಗೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಕೀಮೋ ಔಷಧಿ ಸಿಸ್‌ಪ್ಲಾಟಿನ್. ಕೊನೆಗೆ ಒಳಗಿನಿಂದ ರೇಡಿಯೇಷನ್ ಕೊಡುವ ಬ್ರೇಕಿಥೆರಪಿ. ಅರ್ಧಕ್ಕೆ ಊರಿಗೆ ಬಂದುಬಿಡಬೇಡಿ. ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು.

ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ರೇಷನ್ ಕಾರ್ಡು, ಆಧಾರ್ ಮೊದಲೇ ಜೋಡಿಸಿಟ್ಟುಕೊಳ್ಳಿ. ಬಾಗಲಕೋಟೆ ಕಡೆಯವರಿಗೆ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ.

ಆಪರೇಷನ್ ಆದ ಮೇಲೆ ಬರುವ ಬಯಾಪ್ಸಿ ವರದಿಯನ್ನೂ ಕೇಳಿ ಪಡೆಯಿರಿ. ಗ್ರಂಥಿಯಲ್ಲಾಗಲಿ, ತೆಗೆದ ಭಾಗದ ಅಂಚಿನಲ್ಲಾಗಲಿ ಕ್ಯಾನ್ಸರ್ ಕಂಡರೆ ರೇಡಿಯೇಷನ್ನೂ ಬೇಕಾಗುತ್ತದೆ. ಚಿಗವ್ವನ ಆಪರೇಷನ್ ನಂತರದ ವರದಿ ಚೊಕ್ಕ ಬಂತು. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ. ಕೈಚೀಲದಲ್ಲಿ ಫೈಲು, ಮೇಲೆ ಬುತ್ತಿಯ ಗಂಟು ಇಟ್ಟುಕೊಂಡು ಈಗ ಒಬ್ಬಳೇ ಬಸ್ಸು ಹತ್ತುತ್ತಾಳೆ.