ಗೇಮ್ ಚಟ ಬಿಡಿಸಬೇಕಾ? ಫೋನ್ ಕಿತ್ತುಕೊಳ್ಳಬೇಡಿ

ಜುಲೈನಲ್ಲಿ ಮಳೆಗೆ ಶಾಲೆ ರಜೆ ಕೊಟ್ಟರೆ ಮಡಿಕೇರಿಯಿಂದ ಪೊನ್ನಂಪೇಟೆವರೆಗೂ ಮಕ್ಕಳ ಕೈಯಲ್ಲಿ ಮೊಬೈಲ್. ಆದರೆ ಆಡುವವರಿಗೆಲ್ಲ ಚಟ ಹತ್ತಿದೆ ಅಂತಲ್ಲ.

ಹಾಗಾದರೆ ಚಟ ಯಾವುದು? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ ಇದೂ ಇದೆ. ಅಲ್ಲಿ ಗಂಟೆಗಳ ಲೆಕ್ಕವಿಲ್ಲ. ಆಟಕ್ಕೆ ಹಿಡಿತವಿಲ್ಲ, ಊಟ-ಓದು-ನಿದ್ದೆಗಿಂತ ಅದೇ ಮೊದಲು, ತೊಂದರೆಯಾದರೂ ಬಿಡುವುದಿಲ್ಲ. ಈ ಮೂರೂ ಸಾಮಾನ್ಯವಾಗಿ ಒಂದು ವರ್ಷ ಕಂಡರೆ ಕಾಯಿಲೆ.

ಮೊದಲು ಒಂದು ವಾರ ಸುಮ್ನೆ ಗಮನಿಸಿ. ಎಷ್ಟು ಹೊತ್ತು ಆಡಿದ ಎಂಬುದು ಫೋನಿನ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಯಾವಾಗ ಆಡುತ್ತಾನೆ ಅನ್ನೋದು ಅದಕ್ಕಿಂತ ಮುಖ್ಯ. ಎಲ್ಲರೂ ಮಲಗಿದ ಮೇಲೋ? ಬೈಸಿಕೊಂಡ ಮೇಲೋ? ಕರೆಂಟ್ ಹೋಗಿ ಟವರ್ ಕೈಕೊಟ್ಟ ದಿನವೂ ನೋಡಿ, ನಮ್ಮಲ್ಲಿ ಅಂಥ ದಿನಗಳಿಗೇನು ಬರವೇ! ಸ್ವಲ್ಪ ಗೊಣಗಿ ಕೇರಂ ಬೋರ್ಡ್ ತೆಗೆದರೆ ಚಿಂತೆ ಬೇಡ. ದಿನವಿಡೀ ಸಿಡುಕುತ್ತಾ, ನೆಟ್‌ವರ್ಕ್ ಹುಡುಕಿಕೊಂಡು ಮಳೆಯಲ್ಲೇ ತೋಟದ ದಿಣ್ಣೆ ಹತ್ತಿದರೆ ಯೋಚಿಸಬೇಕು.

ಆಮೇಲೆ ಒಪ್ಪಂದ. ಗುಂಪಾಗಿ ಆಡುವ ಶೂಟಿಂಗ್ ಗೇಮ್‌ಗಳನ್ನು ನಡುವೆ ನಿಲ್ಲಿಸೋಕೆ ಆಗಲ್ಲ. ಎದ್ದು ಹೋದರೆ ಪಾಯಿಂಟ್ ಹೋಗುತ್ತದೆ, ಜೊತೆಗೆ ಹೆಡ್‌ಫೋನ್‌ನಲ್ಲಿ ಗೆಳೆಯರ ಬೈಗುಳ. ಊಟಕ್ಕೆ ಕರೆದಾಗ 'ಐದೇ ನಿಮಿಷ ಅಮ್ಮ' ಅನ್ನೋದು ಯಾವಾಗಲೂ ನೆಪವಲ್ಲ. ಹಾಗಾಗಿ ಗಂಟೆ ಬಿಡಿ, ಮ್ಯಾಚ್ ಲೆಕ್ಕ ಹಿಡಿಯಿರಿ. ಸಂಜೆ ಎರಡು ಮ್ಯಾಚ್, ಆಮೇಲೆ ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ. ಅಪ್ಪನ ಫೋನೂ ಅಲ್ಲಿಗೇ ಬರಬೇಕು. ಅವರು ರೀಲ್ಸ್ ನೋಡುತ್ತಾ ಕೂತರೆ ಮಗ ಮಾತು ಕೇಳ್ತಾನಾ? ಗೇಮ್‌ನ ನೋಟಿಫಿಕೇಶನ್ ಆಫ್ ಮಾಡಿಸಿ. ದಿನಾ ಬಂದರೆ ಬಹುಮಾನ ಅಂತ ಕರೆಯುವುದೇ ಅದು. ಯುಪಿಐ ಪಿನ್ ಮಾತ್ರ ಮಕ್ಕಳಿಗೆ ಹೇಳಲೇಬೇಡಿ.

ಉಳಿದ ಹೊತ್ತಿಗೆ ಏನು? ಬೇಸಿಗೆಯಲ್ಲಿ ನಮಗೆ ಹಾಕಿ ಇದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಬಂದರೆ ಹುಡುಗರು ತಾವಾಗೇ ಸ್ಟಿಕ್ ಹಿಡಿಯುತ್ತಾರೆ. ಮಳೆಗಾಲದಲ್ಲಿ ಮೈದಾನ ಕೆಸರು. ಆಗ ಗೇಮ್‌ನಲ್ಲಿ ಸಿಗುವ ಗೆಳೆಯರನ್ನೇ ಮನೆಗೆ ಕರೆಸಿ. ಎಷ್ಟೋ ಮಕ್ಕಳಿಗೆ ಬೇಕಿರುವುದು ಆ ಜೊತೆ.

ಮೊದಮೊದಲು ಸಿಟ್ಟು, ಚಡಪಡಿಕೆ ಇದ್ದದ್ದೇ. ಆದರೆ ಶಾಲೆಗೇ ಹೋಗದಿದ್ದರೆ, ಸಾಯುವ ಮಾತಾಡಿದರೆ ವರ್ಷ ತುಂಬಲಿ ಅಂತ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಚಟಕ್ಕೆಂದೇ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೊರಡುವ ಮುಂಚೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ.